ನೆರಳಿಗೆ ಬಾಡಿಗೆ ಕೊಟ್ಟವಳು

ಮೋಲ್ಡ್ ಹಾಕುವ ದಿನ ಮೇಸ್ತ್ರಿಗೆ ಯಾರೂ ಫೋನ್ ಮಾಡಬಾರದು. ಮಾಡಿದರೂ ಅವನು ಎತ್ತುವುದಿಲ್ಲ. ಕಾಂಕ್ರೀಟು ಕಲಸುವ ಮಿಷನ್ನು ಒಂದು ಸಲ ತಿರುಗಲು ಶುರುವಾದರೆ ತಾರಸಿಯ ಕೊನೆಯ ಮೂಲೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ; ನಡುವೆ ನಿಲ್ಲಿಸಿದರೆ ಮಳೆಗಾಲದಲ್ಲಿ ಅಲ್ಲೇ ನೀರು ಸೋರುತ್ತದೆ. ಹೊಳವನಹಳ್ಳಿಯಲ್ಲಿ ಒಂದು ಮನೆಗೆ ಮೋಲ್ಡ್ ಹಾಕಿಸುತ್ತಿದ್ದೆ. ಜೇಬಿನಲ್ಲಿ ಫೋನು ಮತ್ತೆ ಮತ್ತೆ ಹೊಡೆದುಕೊಂಡಿತು. ಸಂಜೆ ಕೈಕಾಲು ತೊಳೆದು ನೋಡಿದರೆ, ನಾನು ದೊಡ್ಡವ್ವ ಅನ್ನುತ್ತಿದ್ದ ಆಕೆಯ ಮಗಳ ನಂಬರು. ನಾನು ತಿರುಗಿ ಮಾಡುವ ಹೊತ್ತಿಗೆ ಆಕೆಯನ್ನು ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನವನ್ನೂ ಮುಗಿಸಿದ್ದರು.

“ಅವ್ವ ಹೋಗ್ಬುಟ್ಲು ಕಣಣ್ಣ,” ಅಂದಳು ಮಗಳು. “ಬೆಳಿಗ್ಗೆ ಕುರಿಮರಿಗಳ್ನ ಬುಟ್ಟು ಬಂದು ಗೋಡೆಗೆ ಒರಗಿ ಕುಂತ್ಳು. ಅಂಗೆ ಕುಂತೋಳು ಏಳ್ಲಿಲ್ಲ. ನೀನು ಹಾಲುತುಪ್ಪಕ್ಕಾದ್ರೂ ಬಾ.”

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದು ನನ್ನ ಕಸುಬಲ್ಲ. ಕಲ್ಲು, ಇಟ್ಟಿಗೆ, ಗಾರೆ ನನ್ನ ಕಸುಬು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲೂ ನಾನು ಎಬ್ಬಿಸಿದ ಗೋಡೆಗಳಿವೆ. ಒಂದಾದರೂ ಬಿರುಕು ಬಿಟ್ಟಿದ್ದರೆ ಯಾರಾದರೂ ಬಂದು ತೋರಿಸಲಿ. ಆದರೂ ಇವತ್ತು ಪೆನ್ನು ಹಿಡಿದಿದ್ದೇನೆ. ದುಃಖಕ್ಕಲ್ಲ. ಆಕೆ ತುಂಬಿದ ವಯಸ್ಸಿಗೆ, ಯಾರ ಕೈಲೂ ಒಂದು ಲೋಟ ನೀರು ಕೇಳದೆ ಹೋದಳು. ಅಂಥ ಸಾವಿಗೆ ಅಳಬೇಕಾಗಿಲ್ಲ. ನಾನು ಬರೆಯುತ್ತಿರುವುದು ಸಿಟ್ಟಿಗೆ.

ಹೆಸರು ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ಮಧುಗಿರಿಯಿಂದ ಶಿರಾಕ್ಕೆ ಹೋಗುವ ರಸ್ತೆ ಬಿಟ್ಟು ಮಣ್ಣಿನ ದಾರಿ ಹಿಡಿದರೆ ಸಿಗುವ ಒಂದು ಹಳ್ಳಿ, ಅಷ್ಟು ಸಾಕು.

ಆಕೆ ಕುರಿ ಸಾಕುವವಳು. ಹುಟ್ಟಿದ್ದು ಪಾವಗಡದ ಆಚೆ, ಬಲಸಮುದ್ರದ ಕಡೆ. ಮದುವೆಯಾಗಿ ಇಲ್ಲಿಗೆ ಬಂದು ಐವತ್ತು ವರ್ಷದ ಮೇಲಾಗಿದ್ದರೂ ತೆಲುಗು ಬಿಟ್ಟಿರಲಿಲ್ಲ. ಜನರ ಹತ್ತಿರ ಕನ್ನಡ, ಕುರಿಗಳ ಹತ್ತಿರ ತೆಲುಗು. ಮನುಷ್ಯರ ಮೇಲೆ ತೆಲುಗು ಬಂತೆಂದರೆ ಆ ಮನುಷ್ಯ ದೂರ ಸರಿದು ನಿಲ್ಲುವುದು ಒಳ್ಳೆಯದು. ತವರಿನ ಕಡೆ ಆಕೆಯ ತಂದೆ ಕುರಿ ಮೇಯಿಸುತ್ತಿದ್ದ ಬಯಲೆಲ್ಲ ಈಗ ಸೋಲಾರ್ ಪ್ಲೇಟಿನ ಕೆಳಗಿದೆ. ಒಂದು ಸಲ ಹೋಗಿ ಬಂದು ಹೇಳಿದಳು: “ಬಿಸ್ಲಿಗೂ ಬೇಲಿ ಹಾಕವ್ರೆ ಕಣ್ಲಾ. ಇನ್ನ ಗಾಳಿಗೊಂದು ಗೇಟಿಕ್ಕಿದ್ರೆ ಮುಗೀತು.”

ನನಗೆ ಆಕೆಯ ಪರಿಚಯವಾದದ್ದೂ ಒಂದು ಗೇಟಿನ ದೆಸೆಯಿಂದಲೇ.

ನಮ್ಮ ಕಡೆ ಹಳೆಯ ಮನೆತನಗಳಿಗೆ ಊರ ಸ್ಮಶಾನ ಬೇಕಿಲ್ಲ. ತಮ್ಮ ಹೊಲದ ಒಂದು ಮೂಲೆಯಲ್ಲೇ ಹಿರಿಯರನ್ನು ಮಣ್ಣು ಮಾಡಿ, ಮೇಲೆ ಕಲ್ಲಿನ ಕಟ್ಟೆ ಕಟ್ಟಿ, ಲಿಂಗವನ್ನೋ ಬಸವನನ್ನೋ ಕೂರಿಸಿರುತ್ತಾರೆ. ಕಟ್ಟೆಯ ಮುಂದುಗಡೆ ದೀಪಕ್ಕೆ ಒಂದು ಸಣ್ಣ ಗೂಡು. ಅಂಥ ಏಳೆಂಟು ಸಮಾಧಿಗಳ ಜಾಗ ಆ ಊರಿನ ಹೊರಗೆ ಒಂದಿದೆ. ಆ ಮನೆಯವರು ಶಿರಾ ಪೇಟೆಗೆ ಹೋಗಿ ಅಂಗಡಿ ಇಟ್ಟು, ಸುತ್ತಲ ಹೊಲವನ್ನೆಲ್ಲ ಮಾರಿಕೊಂಡು, ಸಮಾಧಿಯ ತುಂಡನ್ನು ಮಾತ್ರ ಉಳಿಸಿಕೊಂಡಿದ್ದರು. ವರ್ಷಕ್ಕೊಂದು ಸಲ, ಮಹಾಲಯ ಅಮಾವಾಸ್ಯೆಗೆ, ಕಾರಿನಲ್ಲಿ ಬಂದು ಎಡೆ ಇಟ್ಟು, ಬಾಳೆಲೆ ಅಲ್ಲೇ ಬಿಟ್ಟು ಹೋಗುವರು. ಒಂದು ವರ್ಷ ಆ ಮನೆಯ ಯಜಮಾನರು ನನ್ನನ್ನು ಕರೆಸಿ, ಅಮಾವಾಸ್ಯೆಯೊಳಗೆ ಸುತ್ತ ಕಾಂಪೌಂಡು ಕಟ್ಟಿ ಗೇಟು ಕೂರಿಸಬೇಕು ಅಂದರು. ಒಪ್ಪಿಕೊಂಡೆ.

ಪಾಯ ತೆಗೆಯಲು ದಾರ ಕಟ್ಟುತ್ತಿದ್ದೆ. ಹಿಂದಿನಿಂದ ಒಂದು ದನಿ.

“ಲೇ ಗಾರೆ, ಯಾತಕ್ಲಾ ಗೇಟು? ಸತ್ತೋರು ಎದ್ದು ಹೋಯ್ತಾರೆ ಅಂತ್ಲಾ, ಬದುಕಿರೋರು ಬತ್ತಾರೆ ಅಂತ್ಲಾ?”

ತಿರುಗಿ ನೋಡಿದರೆ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆಯ ದೋಟಿ, ಬಾಯಲ್ಲಿ ಎಲೆಯಡಿಕೆ. ಒಣಗಿದ ಮೈ. ಸುತ್ತ ಮಂದೆ.

“ನಿಮ್ಮ ಕುರಿ ಬರ್ತವೆ ಅಂತ,” ಅಂದೆ.

“ನನ್ ಕುರಿ ನಿನ್ ಗೋಡೆಗೆ ಮೈ ಉಜ್ಜಿದ್ರೆ ನಿಲ್ತದಾ, ಅದ ನೋಡ್ಕ ಮೊದ್ಲು.”

ಅವತ್ತಿನಿಂದ ಆಕೆ ನನ್ನ ಕೆಲಸಕ್ಕೆ ತಾನಾಗಿ ನೇಮಕವಾದ ಇಂಜಿನಿಯರು. ಎದ್ದ ಗೋಡೆಗೆ ಬಂದು ಬೆನ್ನು ಕೊಟ್ಟು ಒತ್ತಿ ನೋಡುವಳು. ಅಲ್ಲಾಡದಿದ್ದರೆ “ಪರ್ವಾಗಿಲ್ಲ” ಅನ್ನುವಳು. ಅಲ್ಲಾಡಿದ್ದು ಒಂದು ದಿನವೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಟೀ ತರಿಸಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಮೊದಲು ತನ್ನ ಬುತ್ತಿಯಿಂದ ಒಂದು ಲೋಟ ಮಜ್ಜಿಗೆ ನನಗೆ ಕುಡಿಸಿ, ಆಮೇಲೆ ನನ್ನ ಟೀ ಕುಡಿಯುವಳು. ಯಾರ ಹತ್ತಿರವೂ ಬಿಟ್ಟಿ ಏನನ್ನೂ ತೆಗೆದುಕೊಳ್ಳಬಾರದು ಅನ್ನುವುದು ಆಕೆಗೆ ಹುಚ್ಚಿನ ಹಾಗೆ ಹಿಡಿದಿತ್ತು.

ದೇವತೆಯಂಥವಳು ಎಂದು ಬರೆದರೆ ಆಕೆಯೇ ಎದ್ದು ಬಂದು ಉಗಿಯುತ್ತಾಳೆ. ತನ್ನ ಕುರಿ ಪಕ್ಕದವರ ಅವರೆಗೆ ಬಾಯಿ ಹಾಕಿದರೆ, ಹೊಲದವನು ಕೂಗುವುದಕ್ಕೆ ಮುಂಚೆ ತಾನೇ ಕೂಗಾಡಿ ಗೆಲ್ಲುವಳು: “ಅವರೆ ಹಾಕೋನು ಬೇಲಿ ಹಾಕ್ಬಾರ್ದೇನೋ? ನನ್ ಕುರಿಗೆ ಹೊಟ್ಟೆ ಕೆಟ್ರೆ ಯಾರು ನೋಡ್ಕಳೋರು?” ಯಾರ ಮನೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದು ಆಕೆಗೆ ಗೊತ್ತಿರಲೇಬೇಕು. ಸುಳ್ಳು ಹೇಳುವುದರಲ್ಲೂ ಕಡಿಮೆಯಿರಲಿಲ್ಲ. ಆ ಸಮಾಧಿಗಳಲ್ಲಿ ಯಾರು ಯಾರು ಮಲಗಿದ್ದಾರೆ ಎಂದು ಕೇಳಿದೆ. ಒಂದೊಂದನ್ನೂ ದೋಟಿಯಿಂದ ತೋರಿಸಿ ಹೇಳಿದಳು: ಈತ ಕೋಪದಯ್ಯ, ಉಂಡ ತಟ್ಟೆ ಎಸೆಯುತ್ತಿದ್ದ; ಈಕೆ ನಿದ್ದೆಯಜ್ಜಿ, ರಾಗಿ ಬೀಸುತ್ತಲೇ ಗೊರಕೆ ಹೊಡೆಯುತ್ತಿದ್ದಳು; ಈ ಗಂಡ ಹೆಂಡತಿ ಬದುಕಿರುವವರೆಗೂ ಮಾತು ಬಿಟ್ಟಿದ್ದರು, ಅದಕ್ಕೇ ನಡುವೆ ಇಷ್ಟು ಜಾಗ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಆಮೇಲೆ ಯಜಮಾನರನ್ನು ವಿಚಾರಿಸಿದರೆ ಒಂದೂ ನಿಜವಲ್ಲ. ಕೋಪದಯ್ಯನ ಕಟ್ಟೆಯ ಕೆಳಗೆ ಇದ್ದದ್ದು ಅವರ ಮುತ್ತಜ್ಜಿ.

“ಯಾಕ್ ದೊಡ್ಡವ್ವ ಅಷ್ಟು ಸುಳ್ಳು ಹೇಳಿದೆ?” ಅಂದೆ.

“ವರ್ಸಕ್ಕೊಂದ್ಸಲ ಬರೋರು ನಿಜ ಹೇಳ್ತಾರೆ, ದಿನಾ ಬರೋಳು ನಾನು ಏನ್ಲಾ ಹೇಳ್ಲಿ? ಮಾತಾಡ್ಸಕ್ಕೆ ಒಂದೊಂದು ಹೆಸ್ರು ಬೇಕಲ್ಲ.”

ಅಲ್ಲಿ ಒಂದು ದೊಡ್ಡ ಹೊಂಗೆ ಮರ. ಮಧ್ಯಾಹ್ನದ ಬಿಸಿಲಿಗೆ ಆಕೆಯ ಮಂದೆ ಅದರ ಕೆಳಗೆ ಮಲಗುತ್ತಿತ್ತು. ಸಂಜೆ ಮಂದೆ ಎಬ್ಬಿಸುವ ಮುಂಚೆ ಆಕೆ ಮುಂದಿನ ಸಾಲಿನ ಕೋಪದಯ್ಯನ ಗೂಡಿಗೆ ಒಂದು ದೀಪ ಹಚ್ಚುವಳು. ಎಣ್ಣೆ ಅದೇ ಮರದ ಹೊಂಗೆಕಾಯಿಯದು. ಬೇಸಿಗೆಯಲ್ಲಿ ಉದುರಿದ ಕಾಯಿ ಆಯ್ದು, ಒಣಗಿಸಿ, ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಸಿಟ್ಟುಕೊಂಡಿರುತ್ತಿದ್ದಳು. ಆ ಸಮಾಧಿಯವರು ನಿನ್ನ ಜಾತಿಯಲ್ಲ, ಕುಲವಲ್ಲ, ಯಾಕೆ ಹಚ್ಚುತ್ತೀಯ ಎಂದು ಕೇಳಿದ್ದಕ್ಕೆ ಆಕೆ ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದಳು.

“ಅವ್ರ ಮರ, ಅವ್ರ ನೆರಳು. ಬಾಡ್ಗೆ ಕೊಡ್ಬೇಕೋ ಬ್ಯಾಡ್ವೋ?”

“ಒಂದೇ ಗೂಡಿಗೆ ಹಚ್ತೀಯಲ್ಲ, ಮಿಕ್ಕವರಿಗೆ?”

“ನೆರಳು ಒಂದೇ, ಬಾಡ್ಗೆನೂ ಒಂದೇ. ಅವ್ರವ್ರೇ ಹಂಚ್ಕಳ್ಳಿ.”

ಈ ಮಾತನ್ನು ಓದುವವರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಆಕೆ ಆ ಮನೆತನದ ಆಳಲ್ಲ. ಭಕ್ತೆಯೂ ಅಲ್ಲ. ಬಾಡಿಗೆಗಿದ್ದವಳು, ಬಾಡಿಗೆ ಒಂದು ದಿನವೂ ತಪ್ಪಿಸದವಳು.

ಅಮಾವಾಸ್ಯೆಯ ದಿನ ಬೆಳಿಗ್ಗೆ ನಾನು ಗೇಟಿನ ಕಂಬಕ್ಕೆ ಕಡೆಯ ಗಾರೆ ಕೈ ಕೊಡುತ್ತಿದ್ದೆ. ಶಿರಾದಿಂದ ಕಾರು ಬಂತು. ಯಜಮಾನರು, ಅವರ ಹೆಂಡತಿ, ಮಗ, ಸೊಸೆ. ಆ ಸೊಸೆಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಮನೆಯಲ್ಲೆಲ್ಲ ಅದೇ ಕೊರಗು. ಎಲ್ಲ ಗೂಡಿಗೂ ಸೊಸೆಯ ಕೈಯಿಂದಲೇ ದೀಪ ಇಡಿಸಬೇಕೆಂದು ಯಾರೋ ಹೇಳಿದ್ದರಂತೆ. ಆ ಹುಡುಗಿ ಒಂದೊಂದೇ ಇಡುತ್ತ ಹಿಂದಿನ ಸಾಲಿನ ಕೊನೆಯ ಸಮಾಧಿಗೆ ಹೋಗಿ ಗೂಡಿಗೆ ಕೈ ಹಾಕಿದವಳು ಕಿಟಾರನೆ ಕಿರುಚಿ ಹಿಂದಕ್ಕೆ ಬಿದ್ದಳು.

ಗೂಡಿನ ಒಳಗೆ, ಒಂದು ಕಲ್ಲಿನ ಚೂರಿನ ಹಿಂದೆ, ಪ್ಲಾಸ್ಟಿಕ್ ಡಬ್ಬಿ. ಮಗ ಅದನ್ನು ಕಡ್ಡಿಯಿಂದ ಎಳೆದು ಮುಚ್ಚಳ ತೆಗೆದ. ಒಳಗೆ ಒಂದು ಬಟ್ಟೆಯ ಗೊಂಬೆ, ಅದರ ಎದೆಗೆ ಒಂದು ಪಿನ್ನು. ನಮ್ಮ ದೇಶದ್ದಲ್ಲದ ಒಂದು ನಾಣ್ಯ. ಕೆಂಪು ದಾರ. ಸುರುಳಿ ಸುತ್ತಿದ ಕಾಗದ, ಅದರ ತುಂಬ ಯಾರ್ಯಾರದೋ ಹೆಸರುಗಳು. ಮೋಟು ಪೆನ್ಸಿಲ್ಲು.

“ಮಾಟ!” ಅಂದರು ಯಜಮಾನರ ಹೆಂಡತಿ. ಸೊಸೆ ಹೊಟ್ಟೆ ಹಿಡಿದುಕೊಂಡು ನಡುಗುತ್ತಿದ್ದಳು. ಆ ಹುಡುಗಿಯನ್ನು ನಾನು ಇವತ್ತಿಗೂ ಬೈಯುವುದಿಲ್ಲ. ಅಂಥದ್ದನ್ನು ಅಂಥ ಜಾಗದಲ್ಲಿ ನೋಡಿದರೆ ನಮ್ಮಲ್ಲಿ ಯಾರಿಗಾದರೂ ಬರುವ ಮೊದಲ ಮಾತು ಅದೇ. ನನ್ನ ಮೈಯಲ್ಲೂ ಮುಳ್ಳೆದ್ದಿತು. ನನ್ನ ಸಿಟ್ಟು ಇರುವುದು ಎರಡನೆಯ ಮಾತಿನ ಮೇಲೆ. ಆ ಮಾತು ಯಜಮಾನರದು: “ಇಲ್ಲಿ ದಿನಾ ಬಂದು ದೀಪ ಹಚ್ಚೋದು ಯಾರು?”

ಆಕೆಯನ್ನು ಹೊಲದಿಂದ ಕರೆಸಿದರು. ಅರಳೀಕಟ್ಟೆಯ ಮುಂದೆ ಊರು ಸೇರಿತು. ಊರಿನ ಹಿರಿಯರು ಕಟ್ಟೆಯ ಮೇಲೆ, ಆಕೆ ಕೆಳಗೆ. ನಾನು ಕೈಗೆ ಮೆತ್ತಿದ ಗಾರೆಯಲ್ಲೇ ಹೋಗಿ ಹೇಳಿದೆ: ಇಷ್ಟು ದಿನ ನಾನು ಅಲ್ಲೇ ಇದ್ದೇನೆ, ಈಕೆ ಹಿಂದಿನ ಸಾಲಿಗೆ ಕಾಲೇ ಇಟ್ಟಿಲ್ಲ. ಹಿರಿಯರು ನನ್ನ ಕಡೆ ನೋಡಲೂ ಇಲ್ಲ. “ಮೇಸ್ತ್ರಿ, ನೀನು ಹೊರಗಿನೋನು. ಗೋಡೆ ಕೆಲ್ಸ ನೋಡ್ಕೊ,” ಅಂದರು.

ಆಮೇಲೆ ಒಂದು ತಟ್ಟೆಯಲ್ಲಿ ಕರ್ಪೂರ ಹಚ್ಚಿ ತಂದರು. ನಮ್ಮ ಕಡೆಯ ರೂಢಿ ಅದು. ತಪ್ಪು ಮಾಡಿಲ್ಲ ಎನ್ನುವವರು ದೇವರ ಹೆಸರು ಹೇಳಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಬೇಕು. ಆರಿಸಿದರೆ ಮಾತು ಮುಗಿಯಿತು, ಯಾರೂ ಮತ್ತೆ ಎತ್ತುವಂತಿಲ್ಲ. ನಾನು ಮನಸ್ಸಿನಲ್ಲೇ ಅಂದುಕೊಂಡೆ: ಆರಿಸಿಬಿಡು ದೊಡ್ಡವ್ವ, ಒಂದು ಗಳಿಗೆಯ ಕೆಲಸ.

ಆಕೆ ಎಲೆಯಡಿಕೆ ಉಗಿದು ಬಂದು ತಟ್ಟೆ ನೋಡಿದಳು.

“ನಾನ್ ಆರ್ಸಲ್ಲ.”

“ಯಾಕೆ? ಭಯಾನಾ?” ಅಂದರು ಹಿರಿಯರು.

“ಬಯ ನನ್ಗ್ಯಾಕೆ? ಆರ್ಸಿದ್ರೆ, ಆರ್ಸೋಗಂಟ ನಾನು ಮಾಟ ಮಾಡ್ದೋಳೇ ಅಂತಾಯ್ತು. ಒಂದ್ ಗಳಿಗೆನೂ ನಾನು ಅಂಗಿರಲ್ಲ. ಅಂದೋರು ಮೊದ್ಲು ಆರ್ಸ್ಲಿ, ಇವ್ಳು ಇಟ್ಟಿದ್ನ ನಾನ್ ಕಣ್ಣಾರೆ ಕಂಡೆ ಅಂತ.”

ಅಂದವರು ಯಾರೂ ಮುಂದೆ ಬರಲಿಲ್ಲ. ಕರ್ಪೂರ ತಾನೇ ಉರಿದು ಹೋಯಿತು. ಆದರೆ ಊರು ಏನು ಅರ್ಥ ಮಾಡಿಕೊಂಡಿತು ಗೊತ್ತೇ? ಆರಿಸಲಿಲ್ಲವಾದ್ದರಿಂದ ಮಾಡಿದವಳು ಅವಳೇ. ಅಂದವನು ಆರಿಸದಿದ್ದರೆ ದೊಡ್ಡವನು, ಅನಿಸಿಕೊಂಡವಳು ಆರಿಸದಿದ್ದರೆ ಮಾಟಗಾತಿ. ಅದು ಯಾವ ಊರಿನ ನ್ಯಾಯ ಎಂದು ನಾನು ಆ ದಿನವೇ ಕೇಳಿದೆ. ಇವತ್ತೂ ಕೇಳುತ್ತಿದ್ದೇನೆ.

ಇನ್ನು ಮುಂದೆ ಆ ಗೇಟಿನ ಒಳಗೆ ಕಾಲಿಡಬಾರದು ಎಂದು ತೀರ್ಮಾನವಾಯಿತು. ನಾನು ಕೂರಿಸಿದ ಗೇಟಿಗೆ ಅವತ್ತೇ ಬೀಗ ಬಿತ್ತು.

ಬೀಗ ದೊಡ್ಡದಲ್ಲ. ಆಮೇಲೆ ನಡೆದದ್ದು ದೊಡ್ಡದು. ಅಂಗಡಿಯವನು ಚಿಲ್ಲರೆಯನ್ನು ಆಕೆಯ ಕೈಗೆ ಕೊಡದೆ ಹಲಗೆಯ ಮೇಲೆ ಇಡಲು ಶುರುಮಾಡಿದ. ಬಾಣಂತಿ ಇರುವ ಮನೆಯವರು ಆಕೆ ಬೀದಿಯಲ್ಲಿ ಬಂದರೆ ಬಾಗಿಲು ಹಾಕಿಕೊಂಡರು. ಆಕೆಯ ಮಜ್ಜಿಗೆ ಯಾರಿಗೂ ಬೇಡವಾಯಿತು. ಎಲ್ಲಕ್ಕಿಂತ ಮೇಲೆ ಮಂದೆಯ ವಿಷಯ. ಸುಗ್ಗಿ ಮುಗಿದ ಮೇಲೆ ರೈತರು ಕುರಿ ಮಂದೆಯನ್ನು ಕರೆದು ತಮ್ಮ ಹೊಲದಲ್ಲಿ ಕೆಲವು ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ. ಗೊಬ್ಬರ ಹೊಲಕ್ಕೆ, ಕಾಳು ಕುರಿಯವರಿಗೆ. ನನ್ನ ಹೊಲಕ್ಕೆ ಮೊದಲು ಬಾ ಎಂದು ಆಕೆಯ ಹತ್ತಿರ ಜಗಳವಾಡುತ್ತಿದ್ದವರು ಆ ವರ್ಷ ಒಬ್ಬರೂ ಕರೆಯಲಿಲ್ಲ. ಮಾಟಗಾತಿಯ ಕುರಿಯ ಗೊಬ್ಬರ ಬಿದ್ದರೆ ಪೈರು ಸುಡುತ್ತದಂತೆ. ಮಗಳು ಗಂಡನ ಮನೆಯಿಂದ ಬಂದು, “ಅವ್ವ, ಆವತ್ತು ಆರ್ಸಿಬುಟ್ಟಿದ್ರೆ ಏನಾಗ್ತಿತ್ತು?” ಎಂದು ಅತ್ತಳಂತೆ. ಆಕೆ ಮಗಳ ಕಣ್ಣು ಒರೆಸಿ, ತೆಲುಗಿನಲ್ಲಿ ಒಂದು ಬೈಗುಳ ಬೈದು, ಕುರಿಗೆ ಹೋದಳಂತೆ.

ನಾನು ಆ ದಾರಿಯಲ್ಲಿ ಹೋದಾಗೆಲ್ಲ ಬೈಕು ನಿಲ್ಲಿಸಿ ಮಜ್ಜಿಗೆ ಕುಡಿದು ಬರುತ್ತಿದ್ದೆ. ಆಕೆ ಈಗ ಮಂದೆಯನ್ನು ಒಂದು ಜಾಲಿ ಮರದ ಕೆಳಗೆ ನಿಲ್ಲಿಸುತ್ತಿದ್ದಳು.

“ಇದ್ರ ನೆರಳೆಲ್ಲಾ ತೂತು ಕಣ್ಲಾ,” ಅಂದಳು. “ಬಾಡ್ಗೆ ಇಲ್ಲ, ಅದೊಂದು ಉಳೀತು.”

ಬೇಸಿಗೆ ಬಂತು. ಒಂದು ಭಾನುವಾರ ಆ ಕಡೆ ಹೋಗುತ್ತಿದ್ದೇನೆ, ಸಮಾಧಿಯ ಹತ್ತಿರ ಒಂದು ಕಾರು. ಪ್ಯಾಂಟು, ಟೋಪಿ ಹಾಕಿದ ಗಂಡ ಹೆಂಡತಿ ನನ್ನ ಕಾಂಪೌಂಡಿನ ಮೇಲಿಂದ ಬಗ್ಗಿ, ಕೈಯಲ್ಲಿ ಫೋನು ಹಿಡಿದು ಗೂಡುಗಳನ್ನು ಇಣುಕುತ್ತಿದ್ದಾರೆ. ಬೈಕು ನಿಲ್ಲಿಸಿ ಕೇಳಿದೆ, ಏನು ಹುಡುಕುತ್ತಿದ್ದೀರಿ ಎಂದು.

ಆ ಹೆಣ್ಣುಮಗಳು ನಗುತ್ತ ಹೇಳಿದಳು: “ಏನಿಲ್ಲ ಅಣ್ಣ, ಒಂದು ಡಬ್ಬಿ. ಇದೊಂದು ಆಟ.”

ಆಟ! ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲಾದರೂ ಬಚ್ಚಿಡುತ್ತಾರಂತೆ. ಅದು ಎಲ್ಲಿದೆ ಎಂಬ ಗುರುತನ್ನು ಫೋನಿನ ಮ್ಯಾಪಿನಲ್ಲಿ ಹಾಕುತ್ತಾರಂತೆ. ಬೇರೆಯವರು ಅದನ್ನು ಹುಡುಕಿಕೊಂಡು ಬಂದು, ಒಳಗಿರುವ ಕಾಗದದಲ್ಲಿ ಹೆಸರು ಬರೆದು, ಗೊಂಬೆಯೋ ನಾಣ್ಯವೋ ದಾರವೋ ಅಂಗಿಗೆ ಚುಚ್ಚುವ ಪಿನ್ನೋ ಒಂದು ಆಟದ ಸಾಮಾನು ತೆಗೆದುಕೊಂಡು ಇನ್ನೊಂದು ಇಟ್ಟು, ಇದ್ದಲ್ಲೇ ಮುಚ್ಚಿಟ್ಟು ಹೋಗಬೇಕಂತೆ. ಪ್ರಪಂಚದಲ್ಲೆಲ್ಲ ಆಡುತ್ತಾರಂತೆ. ಹಳೆಯ ಕೋಟೆ, ಬಾವಿ, ಇಂಥ ಹಳ್ಳಿಗಾಡಿನ ಸಮಾಧಿಗಳೆಂದರೆ ಅವರಿಗೆ ಬಹಳ ಇಷ್ಟವಂತೆ. ಜನ ಮರೆತ ಜಾಗಕ್ಕೆ ಜನ ಬಂದಂತಾಗುತ್ತದಂತೆ.

ನನಗೆ ನಿಂತಲ್ಲೇ ಮೈ ಉರಿಯಿತು. “ಮರೆತ ಜಾಗ ಅಂತ ನಿಮಗೆ ಹೇಳಿದೋರು ಯಾರು? ದೀಪದ ಗೂಡು ಅದು. ದೀಪದ ಗೂಡಲ್ಲಿ ಡಬ್ಬಿ ಇಡೋಕೆ ಯಾರನ್ನ ಕೇಳಿದ್ರಿ?” ಎಂದು ಕೂಗಾಡಿದೆ. ಪಾಪ, ಇಟ್ಟವರು ಇವರಲ್ಲ. ಇಟ್ಟವರು ಯಾರೋ, ಯಾವ ಊರಿನವರೋ. ಗಂಡ ಅದನ್ನೇ ಹೇಳಲು ಹೊರಟ. ಹೆಂಡತಿ ಅವನನ್ನು ತಡೆದು, “ಏನಾಯ್ತು ಅಣ್ಣ, ಪೂರ್ತಿ ಹೇಳಿ,” ಅಂದಳು. ಹೇಳಿದೆ. ಗೊಂಬೆ, ಪಿನ್ನು, ಕರ್ಪೂರ, ಮಂದೆ, ಎಲ್ಲ. ಅವಳು ಫೋನನ್ನು ಜೇಬಿಗೆ ಹಾಕಿದಳು.

“ಅಜ್ಜಿ ಎಲ್ಲಿದಾರೆ? ಕರ್ಕೊಂಡು ಹೋಗಿ,” ಅಂದಳು.

ಜಾಲಿ ಮರದ ಹತ್ತಿರ ಕರೆದುಕೊಂಡು ಹೋದೆ. ಆ ಹೆಣ್ಣುಮಗಳು ಕೈಮುಗಿದು, ಅಜ್ಜಿ ನಮ್ಮ ಆಟದಿಂದ ನಿಮಗೆ ಹೀಗಾಯಿತು, ತಪ್ಪಾಯಿತು ಅಂದಳು. ಆಕೆ ಇಬ್ಬರನ್ನೂ ಟೋಪಿಯಿಂದ ಬೂಟಿನ ತನಕ ನೋಡಿದಳು.

“ಇಷ್ಟ್ ದೊಡ್ಡೋರಾಗಿ ಬಚ್ಚಿಟ್ಟಾಟ ಆಡ್ತೀರಾ? ಮಕ್ಳಿಲ್ವಾ ಮನೇಲಿ ಆಡಕ್ಕೆ?”

“ಇದಾರೆ ಅಜ್ಜಿ.”

“ಮತ್ತೆ ಅವ್ರು ಏನ್ ಮಾಡ್ತಾರೆ, ಅಡ್ಗೆ ಮಾಡ್ತಾರಾ?”

ಆ ಹೆಣ್ಣುಮಗಳಿಗೆ ನಗು ಬಂತು. ಆಕೆ ಇಬ್ಬರಿಗೂ ಮಜ್ಜಿಗೆ ಕೊಟ್ಟಳು. ಎಷ್ಟೋ ತಿಂಗಳ ಮೇಲೆ ನನ್ನನ್ನು ಬಿಟ್ಟು ಬೇರೆಯವರು ಆಕೆಯ ಲೋಟ ಮುಟ್ಟಿದ್ದು. ಫೋಟೊ ತೆಗೆಯಲೇ ಎಂದು ಕೇಳಿದಾಗ ತನ್ನ ಟಗರನ್ನು ಕೊಂಬು ಹಿಡಿದು ಎಳೆದು ತಂದು ನಿಲ್ಲಿಸಿ, “ಇವನ್ದು ತೆಗಿ, ಇವ್ನೇ ಚಂದಾಕವ್ನೆ,” ಎಂದು ತಾನು ಪಕ್ಕಕ್ಕೆ ಸರಿದಳು.

ನಾನು ಅವರಿಬ್ಬರನ್ನೂ ಕಟ್ಟೆಗೆ ಕರೆತಂದು ಹಿರಿಯರ ಮುಂದೆ ಅದೇ ಮಾತನ್ನು ಹೇಳಿಸಿದೆ. ಫೋನಿನಲ್ಲಿ ಮ್ಯಾಪು ತೋರಿಸಿದರು, ಡಬ್ಬಿಯ ಗುರುತು ತೋರಿಸಿದರು. ಹಿರಿಯರು ಕನ್ನಡಕ ಏರಿಸಿ ನೋಡಿ, “ಓಹೋ, ಹಿಂಗಾ,” ಅಂದರು. ಶಿರಾಕ್ಕೆ ಫೋನು ಹೋಯಿತು. ಮುಂದಿನ ವಾರ ಯಜಮಾನರೇ ಬಂದರು. ನಾನೂ ಕೆಲಸ ಬಿಟ್ಟು ಹೋದೆ, ಇವತ್ತಾದರೂ ಊರ ಮುಂದೆ ಆಕೆಯನ್ನು ಕೂರಿಸಿ, ನಮ್ಮದು ತಪ್ಪಾಯಿತು ಅನ್ನುತ್ತಾರೆ ಎಂದು.

ಆ ಮನುಷ್ಯ ನಕ್ಕುಬಿಟ್ಟರು! ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡ್ರಿ, ನಮ್ಮ ಹಿರಿಯರ ಸಮಾಧಿ ವರ್ಲ್ಡ್ ಮ್ಯಾಪಿಗೆ ಬಂದುಬಿಟ್ಟಿದೆ. ಫಾರಿನ್ನಿಂದ ಜನ ಹುಡುಕ್ಕೊಂಡು ಬರ್ತಾರಂತೆ.” ಕಟ್ಟೆಯ ಮೇಲಿದ್ದವರೂ ನಕ್ಕರು. ಟೀ ಬಂತು. ಡಬ್ಬಿಯನ್ನು ಮತ್ತೆ ಇಡಿಸಬೇಕು ಎಂದು ಮಾತಾಯಿತು. ನಾನು ಎದ್ದು ಕೇಳಿದೆ: “ಆಕೆಯ ಮಾತು?”

“ಅದು ಮುಗಿದ ಕಥೆ ಬಿಡಿ ಮೇಸ್ತ್ರಿ. ಗೊತ್ತಿಲ್ದೆ ಆಗಿದ್ದು. ಬೀಗದ ಕೈ ಕೊಟ್ಟಿರ್ತೀನಿ, ದೀಪ ಹಚ್ಕೊಂಡು ಇರೋಕೆ ಹೇಳಿ.”

ಊರ ಮುಂದೆ ನಿಲ್ಲಿಸುವಾಗ ಊರೆಲ್ಲ ಬೇಕಿತ್ತು. ಬಿಡಿಸುವಾಗ ಮೇಸ್ತ್ರಿಯ ಕೈಲಿ ಹೇಳಿ ಕಳಿಸಿದರೆ ಸಾಕು.

ನಾನು ಹೋಗಿ ಹೇಳಿದೆ. ಆಕೆ ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ. “ಬೀಗದ್ ಕೈ ಯಾರ್ ಕೇಳಿದ್ರು?” ಅಂದಳು. ಅಷ್ಟೇ. ಆ ಗೇಟಿನ ಹತ್ತಿರಕ್ಕೆ ಮತ್ತೆ ಹೋಗಲಿಲ್ಲ. ಹೊಂಗೆಕಾಯಿ ಆಯಲೂ ಇಲ್ಲ. ಊರಿನ ಕೆಲವರು ಮೆಲ್ಲಗೆ ಮತ್ತೆ ಮಜ್ಜಿಗೆ ಕುಡಿದರು, ಇಬ್ಬರೋ ಮೂವರೋ ಮಂದೆಗೆ ಕರೆದರು. ಎಲ್ಲರೂ ಅಲ್ಲ. ಆಟದ ಡಬ್ಬಿ ಎಂದು ಗೊತ್ತಾದ ಮೇಲೂ, “ಆದ್ರೂ ಆಕೆ ಕರ್ಪೂರ ಆರಿಸ್ಲಿಲ್ಲವಲ್ಲ” ಅನ್ನುವ ಬಾಯಿಗಳು ಆ ಊರಿನಲ್ಲಿ ಇದ್ದವು. ಈಗಲೂ ಇವೆ. ಅಂದವರೇ ನಮ್ಮದು ತಪ್ಪು ಎಂದು ಹೇಳದಿದ್ದರೆ ಅಂಥ ಬಾಯಿಗಳನ್ನು ಮುಚ್ಚಿಸುವವರು ಯಾರು?

ಒಂದು ದಿನ ನಾನೇ ಕೇಳಿದೆ: “ಬೇಜಾರಿಲ್ವಾ ದೊಡ್ಡವ್ವ?”

“ಐತೆ,” ಅಂದಳು. ಬೇರೆ ಯಾರಾದರೂ ಆಗಿದ್ದರೆ ಇಲ್ಲ ಅನ್ನುತ್ತಿದ್ದರು. “ಐತೆ ಕಣ್ಲಾ. ಆ ಕಿರುಚಿದ್ ಹುಡ್ಗಿ ಮೇಲಿಲ್ಲ. ಆಟದೋರ ಮೇಲಿಲ್ಲ. ನಾನ್ ಚಿಕ್ಕೋಳಿದ್ದಾಗ್ಲಿಂದ ನೋಡಿದ್ ಮುಖಗಳು ಕಟ್ಟೆ ಮೇಲೆ ಕುಂತಿದ್ವಲ್ಲ, ಅವುಗಳ ಮೇಲೈತೆ.”

ಚಿಕ್ಕವಳಿದ್ದಾಗಿನಿಂದ ಅಂದದ್ದು ಎಂದಿನ ಸುಳ್ಳು. ಆಕೆ ಆ ಊರಿಗೆ ಬಂದದ್ದೇ ಮದುವೆಯಾದ ಮೇಲೆ. ಆದರೆ ಅವತ್ತು ನಾನು ತಿದ್ದಲಿಲ್ಲ.

ಹಾಲುತುಪ್ಪದ ದಿನ ಬೆಳಿಗ್ಗೆ ಹೋದೆ. ಆಕೆಯನ್ನು ಅವರದೇ ಹೊಲದ ಬದುವಿನಲ್ಲಿ, ಗಂಡನ ಪಕ್ಕದಲ್ಲಿ ಮಣ್ಣು ಮಾಡಿದ್ದರು. ಹಸಿ ಮಣ್ಣಿನ ದಿಬ್ಬ, ಮೇಲೆ ಮುಳ್ಳು. ಮಗಳು ಹಾಲು ಬಿಟ್ಟು ಮುಗಿಸುವ ಹೊತ್ತಿಗೆ ಮಣ್ಣಿನ ದಾರಿಯಲ್ಲಿ ಶಿರಾದ ಕಾರು, ಅದರ ಹಿಂದೆ ಒಂದು ಲಗೇಜ್ ಆಟೊ. ಯಜಮಾನರು ಇಳಿದು, ಸೇವಂತಿಗೆ ಹಾರ ಹಾಕಿ ಕೈಮುಗಿದರು. ಆಮೇಲೆ ನನ್ನನ್ನು ನೋಡಿ ಮುಖ ಅರಳಿಸಿ, “ಮೇಸ್ತ್ರಿ, ಒಳ್ಳೇದಾಯ್ತು ನೀವೇ ಇರೋದು,” ಎಂದು ಆಟೊ ಹತ್ತಿರ ಕರೆದುಕೊಂಡು ಹೋದರು.

ಆಟೊದಲ್ಲಿ ಗೋಣಿತಾಟಿನ ಮೇಲೆ ಮಲಗಿಸಿದ ಕರಿ ಗ್ರಾನೈಟ್ ಕಲ್ಲು. ಕನ್ನಡಿಯಂತೆ ಪಾಲಿಶು, ಅಕ್ಷರಕ್ಕೆ ಚಿನ್ನದ ಬಣ್ಣ. ಇದನ್ನು ನಮ್ಮ ಕಾಂಪೌಂಡಿನ ಒಳಗೆ, ಗೇಟಿನ ಪಕ್ಕ, ಬರುವವರಿಗೆಲ್ಲ ಕಾಣುವಂತೆ ನಿಲ್ಲಿಸಬೇಕು ಅಂದರು. ಈಗ ಅಲ್ಲಿಗೆ ದೂರದೂರದಿಂದ ಡಬ್ಬಿ ಹುಡುಕುವವರು ಬರುತ್ತಾರೆ, ಮ್ಯಾಪಿನಲ್ಲಿ ಯಾರೋ ಬರೆದದ್ದನ್ನು ಓದಿ ದೀಪ ಹಚ್ಚುತ್ತಿದ್ದ ಅಜ್ಜಿ ಎಲ್ಲಿ ಎಂದು ಕೇಳುತ್ತಾರೆ, ಅವರಿಗೆ ತಿಳಿಯಬೇಡವೇ ಅಂದರು.

ಮಗಳು ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಅವಳಿಗೆ ಓದಲು ಬರುವುದಿಲ್ಲ.

“ಏನ್ ಬರ್ದೈತೆ ಅಣ್ಣ?”

ಓದಿದೆ. ಆಕೆಯ ಹೆಸರು. ಅದರ ಕೆಳಗೆ, ‘ನಮ್ಮ ಹಿರಿಯರ ಸಮಾಧಿಗಳ ನಿಷ್ಠಾವಂತ ಸೇವಕಿ’. ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ ಆ ಮನೆತನದ ಹೆಸರು.

“ಸೇವಕಿ ಅಂದ್ರೆ ಆಳು ಅಂತಲ್ವಾ?”

“ಹೂಂ ಕಣಮ್ಮ.”

ಅವಳು ಕಲ್ಲಿನ ಮೇಲೆ ಕೈಯಾಡಿಸಿದಳು. ಒಂದೊಂದು ಸಾಲಿನ ಮೇಲೂ.

“ನಮ್ಮವ್ವ ಮಾಟ ಮಾಡ್ದೋಳಲ್ಲ ಅಂತ ಇದ್ರಾಗೆ ಎಲ್ಲಿ ಬರ್ದೈತೆ?”

ಯಜಮಾನರು ಸಮಾಧಾನದ ದನಿಯಲ್ಲಿ, “ಅಯ್ಯೋ, ಅದನ್ನೆಲ್ಲ ಕಲ್ಲಿನ ಮೇಲೆ ಬರೆಸ್ತಾರೇನಮ್ಮ? ಸತ್ತೋರ ಬಗ್ಗೆ ಒಳ್ಳೇದು ಬರೆಸ್ಬೇಕು,” ಅಂದರು.

“ಇದ್ದಾಗ ಕಟ್ಟೆ ಮುಂದೆ ನಿಲ್ಸಿ ಅಂದ್ರಲ್ಲ ಸ್ವಾಮಿ, ಅದು ಒಳ್ಳೇದಿತ್ತಾ?”

ಅವರು ನನ್ನ ಕಡೆ ತಿರುಗಿದರು. “ಮೇಸ್ತ್ರಿ, ನೀವಾದ್ರೂ ತಿಳಿಸಿ ಹೇಳಿ. ಕಾಂಕ್ರೀಟ್ ಹಾಕಿ ಇವತ್ತೇ ನಿಲ್ಲಿಸ್ಬಿಡಿ.”

ನಾನು ಕಲ್ಲಿನ ಕೆಳಭಾಗವನ್ನು ನೋಡಿದೆ. ಗುಂಡಿಯೊಳಗೆ ಹೋಗುವ ಭಾಗ ಬಿಟ್ಟರೂ ಮೇಲೆ ಖಾಲಿ ಜಾಗ ಬೇಕಾದಷ್ಟಿತ್ತು.

“ಇಲ್ಲಿ ಇನ್ನೂ ಎರಡು ಸಾಲಿಗೆ ಜಾಗ ಇದೆ ಯಜಮಾನ್ರೇ,” ಅಂದೆ. “ಸೇವಕಿ ಅನ್ನೋದನ್ನ ಹೊಡೆದುಹಾಕ್ಸಿ. ಈಕೆಯ ಮೇಲೆ ನಾವು ಸುಳ್ಳು ಹೊರಿಸಿದ್ವಿ ಅಂತ ಇಲ್ಲಿ ಕೆತ್ತಿಸ್ಕೊಂಡು ಬನ್ನಿ. ಗುಂಡಿ ನಾನೇ ತೋಡ್ತೀನಿ, ಕಲ್ಲು ನಾನೇ ನಿಲ್ಲಿಸ್ತೀನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ. ಕೂಲಿ ಬೇಡ.”

ಅವರ ಮುಖ ಕೆಂಪಾಯಿತು. “ನಿಮ್ಮನ್ನ ಮಾತಾಡಿಸಿದ್ದು ನನ್ನ ತಪ್ಪು,” ಅಂದರು.

ಆ ಮನುಷ್ಯನ ಬಾಯಲ್ಲಿ ತಪ್ಪು ಅನ್ನುವ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಕಲ್ಲು ಬಂದ ದಾರಿಯಲ್ಲೇ ಶಿರಾಕ್ಕೆ ವಾಪಸು ಹೋಯಿತು. ಇದನ್ನು ಬರೆಯುವ ಹೊತ್ತಿಗೂ ತಿರುಗಿ ಬಂದಿಲ್ಲ.